ಪೆಟ್ಟಿಗೆ ಆಮೆಗೆ ಹುಷಾರಿಲ್ಲ ಅಂತ ಗೊತ್ತಾಗೋದು ಹೇಗೆ

(ಆಮೆ ಸಾಕುವವರ ಕೂಟವೊಂದರಲ್ಲಿ ಆಡಿದ ಮಾತು ಇದು. ಬಂದವರು ಬರೆದು ಕೊಡಿ ಅಂದರು, ಅದಕ್ಕೆ ಕೂತು ಬರೆದಿದ್ದೇನೆ. ಮಾತಿನ ಧಾಟಿ ಹಾಗೇ ಇದೆ.)

ಎಲ್ಲರಿಗೂ ನಮಸ್ಕಾರ. ಮೊದಲು ನಿಮಗೊಂದು ಪ್ರಶ್ನೆ. ಹೋದ ವಾರ ನಿಮ್ಮ ಆಮೆಯ ತೂಕ ಎಷ್ಟಿತ್ತು? ಗ್ರಾಂ ಲೆಕ್ಕದಲ್ಲಿ ಹೇಳಬಲ್ಲವರು ಕೈ ಎತ್ತಿ ನೋಡೋಣ.

ಎರಡು ಕೈ. ಬೇಜಾರು ಮಾಡಿಕೊಳ್ಳಬೇಡಿ. ಕೆಲವು ವರ್ಷದ ಹಿಂದೆ ನನಗೂ ಗೊತ್ತಿರಲಿಲ್ಲ. ಅದು ಗೊತ್ತಿಲ್ಲದೆ ಇದ್ದದ್ದಕ್ಕೆ ನನ್ನ ಆಮೆ ಎಷ್ಟು ನರಳಿತು ಅನ್ನೋದು ಈಗಲೂ ಮನಸ್ಸಿನಲ್ಲಿದೆ. ಅದನ್ನು ಆಮೇಲೆ ಹೇಳುತ್ತೇನೆ.

ನಾಯಿಗೆ ಹುಷಾರಿಲ್ಲ ಅಂದರೆ ಮುಖ ನೋಡಿದರೆ ಸಾಕು, ಗೊತ್ತಾಗುತ್ತದೆ. ಆಮೆ ಹಾಗಲ್ಲ. ಕಾಡಿನಲ್ಲಿ ಸೊರಗಿದ ಹಾಗೆ ಕಂಡ ಪ್ರಾಣಿ ಇನ್ನೊಂದರ ಬಾಯಿಗೆ ಹೋಗುತ್ತದೆ. ಹಾಗಾಗಿ ಆಗುವಷ್ಟು ದಿನ ಅದು ಏನೂ ಆಗಿಲ್ಲದ ಹಾಗೇ ಇರುತ್ತದೆ. ಅದರಲ್ಲೂ ಪೆಟ್ಟಿಗೆ ಆಮೆ, ಅಂದರೆ ನಾವು ಬಾಕ್ಸ್ ಟರ್ಟಲ್ ಅನ್ನುವುದು, ಹೊಟ್ಟೆ ಚಿಪ್ಪಿನಲ್ಲಿ ಕೀಲು ಇರುವ ಪ್ರಾಣಿ. ತಲೆ, ಕಾಲು, ಬಾಲ ಎಲ್ಲ ಒಳಗೆಳೆದುಕೊಂಡು ಬಾಗಿಲು ಹಾಕಿಕೊಂಡ ಹಾಗೆ ಮುಚ್ಚಿಕೊಂಡರೆ ಒಳಗೆ ಏನಾಗಿದೆ ಅಂತ ಯಾರಿಗೂ ಕಾಣುವುದಿಲ್ಲ. ಮೇಲಿಂದ ಅದರ ಮೈಯ ಎಲ್ಲ ಕೆಲಸವೂ ನಿಧಾನ. ತಿಂದದ್ದು ಅರಗುವುದಕ್ಕೇ ದಿನಗಟ್ಟಲೆ ಬೇಕು. ಕಾಯಿಲೆಯೂ ಹಾಗೇ ನಿಧಾನವಾಗಿ ಏರುತ್ತದೆ. ಕಣ್ಣು ಮುಚ್ಚಿಕೊಂಡು ಮೂಲೆಯಲ್ಲಿ ಕೂತಿದೆ, ಏನು ಕೊಟ್ಟರೂ ಮುಟ್ಟುತ್ತಿಲ್ಲ ಅಂತ ನಾವು ಗಾಬರಿಯಾಗುತ್ತೇವಲ್ಲ, ಆ ಹೊತ್ತಿಗೆ ಕಾಯಿಲೆ ಶುರುವಾಗಿ ಎಷ್ಟೋ ವಾರ ಆಗಿರುತ್ತದೆ.

ಅದಕ್ಕೇ ಕಾಯಿಲೆಗಳ ಹೆಸರು ಬಾಯಿಪಾಠ ಮಾಡುವುದಕ್ಕಿಂತ ನಿಮ್ಮ ಆಮೆಯ ಮಾಮೂಲು ಏನು ಅಂತ ತಿಳಿದುಕೊಳ್ಳಿ. ಎಷ್ಟು ಹೊತ್ತಿಗೆ ಏಳುತ್ತದೆ, ಎಲ್ಲಿ ಬಿಸಿಲು ಕಾಯುತ್ತದೆ, ಎರೆಹುಳ ಕಂಡರೆ ಎಷ್ಟು ಬೇಗ ಬರುತ್ತದೆ, ಎಷ್ಟು ದಿನಕ್ಕೊಮ್ಮೆ ಕಕ್ಕಸು ಮಾಡುತ್ತದೆ. ಮಾಮೂಲು ಗೊತ್ತಿದ್ದರೆ ತಾನೇ ಅದು ತಪ್ಪಿದ್ದು ಗೊತ್ತಾಗೋದು?

ನಾನು ವಾರಕ್ಕೊಂದು ಬೆಳಿಗ್ಗೆ ಮಾಡೋದನ್ನು ಹೇಳುತ್ತೇನೆ. ಊಟ ಕೊಡುವ ಮುಂಚೆ ಅಡುಗೆಮನೆಯ ತಕ್ಕಡಿಯಂಥ ಚಿಕ್ಕ ತೂಕದ ಮೆಷೀನಿನ ಮೇಲೆ ಇಡುತ್ತೇನೆ. ಆ ಮೆಷೀನು ಆಮೆಗೇ ಮೀಸಲು, ಅಡುಗೆಗೆ ಬಳಸುವುದಿಲ್ಲ. ತೂಕ ಪುಸ್ತಕದಲ್ಲಿ ಬರೆಯುತ್ತೇನೆ. ನೀರು ಕುಡಿದರೆ, ಹೊಟ್ಟೆ ಖಾಲಿಯಾದರೆ ಕೆಲವು ಗ್ರಾಂ ಆಚೀಚೆ ಆಗುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಆದರೆ ವಾರ ವಾರಕ್ಕೂ ಇಳಿಯುತ್ತಿದ್ದರೆ, ಒಟ್ಟು ತೂಕದ ನೂರಕ್ಕೆ 10ರಷ್ಟು ಹೋಗಿದ್ದರೆ, ಆಮೆ ಎಷ್ಟೇ ಚುರುಕಾಗಿ ಓಡಾಡುತ್ತಿರಲಿ, ಡಾಕ್ಟರ ಹತ್ತಿರ ಹೋಗಿ.

ಆಮೇಲೆ ಮುಖ. ಎದುರಿನಿಂದ ನೋಡಬೇಕು, ಪಕ್ಕದಿಂದ ಅಲ್ಲ. ಎರಡು ಕಣ್ಣೂ ಒಂದೇ ಸಮ ತೆರೆದಿವೆಯಾ? ರೆಪ್ಪೆ ಊದಿಕೊಂಡಿದೆಯಾ? ಮೂಗಿನ ಹೊಳ್ಳೆ ಒಣಗಿ ಶುಭ್ರವಾಗಿದೆಯಾ, ಇಲ್ಲ ಉಸಿರು ಬಿಟ್ಟಾಗ ಗುಳ್ಳೆ ಏಳುತ್ತದಾ? ಕಣ್ಣಿನ ಹಿಂದೆ ಎರಡೂ ಕಡೆ ಚರ್ಮ ಚಪ್ಪಟೆಯಾಗಿದೆಯಾ? ಅಲ್ಲಿ ಕಿವಿಯ ತಮಟೆ ಇರುತ್ತದೆ. ಒಂದು ಕಡೆ ಬಟಾಣಿ ಕಾಳಿನಷ್ಟು ಉಬ್ಬಿದ್ದರೂ ಎದುರಿನಿಂದ ನೋಡಿದಾಗ ಮುಖ ಸೊಟ್ಟಗೆ ಕಾಣುತ್ತದೆ. ಹಿಂಗಾಲು ಹಿಡಿದು ಮೆಲ್ಲಗೆ ಎಳೆದರೆ ಆರೋಗ್ಯವಾಗಿರೋ ಆಮೆ ಬಲವಾಗಿ ಒಳಗೆಳೆದುಕೊಳ್ಳುತ್ತದೆ. ಕಾಲು ಸುಮ್ನೆ ಜೋತು ಬಿದ್ದರೆ ಶಕ್ತಿ ಕುಂದಿದೆ ಅಂತ ಅರ್ಥ. ಕೊನೆಗೆ ಹೊಟ್ಟೆ ಚಿಪ್ಪನ್ನು ಮೂಸಿ ನೋಡುತ್ತೇನೆ. ಹೌದು, ಮೂಸಿಯೇ ನೋಡಬೇಕು. ಮಣ್ಣಿನ ವಾಸನೆ ಬಂದರೆ ಸರಿ. ಕೊಳೆತ ವಾಸನೆ ಬಂದರೆ ಕಣ್ಣಿಗೆ ಏನೂ ಕಾಣದಿದ್ದರೂ ಚಿಪ್ಪಿನಡಿ ಏನೋ ಆಗಿದೆ.

ಇಷ್ಟಕ್ಕೆ ಐದು ನಿಮಿಷ ಸಾಕು.

ಇಲ್ಲೊಂದು ಮಾತು ಸೇರಿಸಬೇಕು. ಕಣ್ಣು ಕೆಂಪಗಿದೆ, ಸೋಂಕು ಇರಬೇಕು ಅಂತ ಕೆಲವರು ಹೆದರಿ ಬರುತ್ತಾರೆ. ಪೂರ್ವ ಅಮೆರಿಕದ ಪೆಟ್ಟಿಗೆ ಆಮೆಯಲ್ಲಿ ಗಂಡಿನ ಕಣ್ಣಿನ ಬಣ್ಣವೇ ಎಷ್ಟೋ ಸಲ ಕೆಂಪು. ಬಣ್ಣ ಕೆಂಪಿದ್ದು ಕಣ್ಣು ಹೊಳೆಯುತ್ತಿದ್ದರೆ ಅದು ಕಾಯಿಲೆ ಅಲ್ಲ. ರೆಪ್ಪೆ ಊದಿದ್ದರೆ, ಅಂಟಿಕೊಂಡಿದ್ದರೆ, ಬಿಳಿ ಪೊರೆಯಂಥದ್ದು ಕಂಡರೆ ಅದು ಕಾಯಿಲೆ.

ಈಗ ಕಿವಿಯಲ್ಲಿ ಕೀವು ಕಟ್ಟುವ ವಿಷಯ. ಪೆಟ್ಟಿಗೆ ಆಮೆಗಳಲ್ಲಿ ತುಂಬಾ ಕಾಣೋ ತೊಂದರೆ ಇದು. ನನ್ನ ಆಮೆಗೆ ಆದದ್ದೂ ಇದೇ. ಬಲಗಡೆ ಕಣ್ಣಿನ ಹಿಂದೆ ಚಿಕ್ಕದೊಂದು ಉಬ್ಬು. ಕಲ್ಲಿಗೆ ತಾಗಿಸಿಕೊಂಡಿರಬೇಕು, ತಾನೇ ಇಳಿಯುತ್ತದೆ ಅಂದುಕೊಂಡೆ. ಎರಡು ವಾರ ಬಿಟ್ಟು ನೋಡಿದರೆ ಉಬ್ಬು ದೊಡ್ಡದಾಗಿತ್ತು, ಚರ್ಮ ಬಿಗಿದು ಹಳದಿ ತಿರುಗಿತ್ತು, ತಲೆಯನ್ನು ಪೂರ್ತಿ ಒಳಗೆಳೆದುಕೊಳ್ಳಲು ಆಗುತ್ತಿರಲಿಲ್ಲ. ಡಾಕ್ಟರು ಅರಿವಳಿಕೆ ಕೊಟ್ಟು, ತಮಟೆಯ ಕೆಳಅಂಚಿನಲ್ಲಿ ಸಣ್ಣ ಸೀಳು ಹಾಕಿ, ಒಳಗಿದ್ದದ್ದನ್ನು ಹೊರಗೆ ತೆಗೆದರು. ಕೀವು ಅಂದರೆ ಹರಿಯುತ್ತದೆ ಅಂತ ತಾನೇ ನಮ್ಮ ಲೆಕ್ಕ? ಇದು ಹರಿಯಲಿಲ್ಲ. ಒಣಗಿದ ಮೇಣದ ಉಂಡೆಯ ಹಾಗೆ, ಒಳಗಿನ ಗುಳಿಯ ಆಕಾರವನ್ನೇ ಹೊತ್ತುಕೊಂಡು, ಇಡಿಯಾಗಿ ಚಿಮಟದಲ್ಲಿ ಬಂತು. ತಟ್ಟೆಯಲ್ಲಿ ಇಟ್ಟಾಗ ನನ್ನ ಕಿರುಬೆರಳ ಉಗುರಿನಷ್ಟು ಇತ್ತು. ಅಷ್ಟು ಚಿಕ್ಕ ತಲೆಯೊಳಗೆ ಅಷ್ಟು ದೊಡ್ಡದನ್ನು ಇಟ್ಟುಕೊಂಡು ಅದು ನಾನು ಕೊಟ್ಟದ್ದನ್ನು ತಿನ್ನುತ್ತಾ ಇತ್ತು.

ಆಮೆ, ಹಾವು, ಹಲ್ಲಿಗಳ ಕೀವು ಹಾಗೇ. ನಮ್ಮ ಮೈಯಲ್ಲಿ ಕೀವನ್ನು ಕರಗಿಸೋ ಕೆಲವು ಕಿಣ್ವಗಳು ಅವುಗಳಲ್ಲಿ ಇರುವುದಿಲ್ಲ. ಗಟ್ಟಿಯಾದ ಕೀವಿನೊಳಗೆ ಔಷಧಿ ಇಳಿಯುವುದಿಲ್ಲ. ಹಾಗಾಗಿ ಬರೀ ಆಂಟಿಬಯೋಟಿಕ್ ಕೊಟ್ಟು ಕಾದರೆ ಪ್ರಯೋಜನ ಇಲ್ಲ, ತೆಗೆಯಲೇಬೇಕು. ದಯವಿಟ್ಟು ಮನೆಯಲ್ಲಿ ಹಿಂಡಲು, ಸೂಜಿ ಚುಚ್ಚಲು ಹೋಗಬೇಡಿ. ಅಲ್ಲಿಂದ ಬಾಯಿಗೆ ದಾರಿ ಇದೆ, ಪಕ್ಕದಲ್ಲೇ ದವಡೆಯ ಮೂಳೆ ಇದೆ.

ಯಾಕೆ ಆಗುತ್ತದೆ? ಮುಖ್ಯ ಕಾರಣಗಳಲ್ಲಿ ಒಂದು ವಿಟಮಿನ್ ಎ ಕೊರತೆ. ವಿಟಮಿನ್ ಎ ಸಾಲದೆ ಹೋದರೆ ಕಣ್ಣು, ಮೂಗು, ಕಿವಿಯ ಒಳಪದರ ದಪ್ಪಗಾಗಿ ಒರಟಾಗುತ್ತದೆ, ಅಲ್ಲಿ ಕಸ ತುಂಬಿಕೊಂಡು ಸೋಂಕು ಹಿಡಿಯುತ್ತದೆ. ರೆಪ್ಪೆ ಊದಿ ಕಣ್ಣು ಮುಚ್ಚಿಹೋಗುವುದಕ್ಕೂ ಎಷ್ಟೋ ಸಲ ಇದೇ ಮೂಲ. ಕಣ್ಣು ಕಾಣದ ಆಮೆ ತಿನ್ನುವುದಿಲ್ಲ, ತಿನ್ನದೆ ಕೊರತೆ ಇನ್ನೂ ಜಾಸ್ತಿ ಆಗುತ್ತದೆ. ಒಂದೇ ತರಹದ ಊಟ ಕೊಟ್ಟವರ ಮನೆಯಲ್ಲಿ ಇದು ಹೆಚ್ಚು. ಬರೀ ಹಸಿ ಮಾಂಸ ಕೊಡೋದು, ಬರೀ ನೀರು ತುಂಬಿದ ತಿಳಿ ಬಣ್ಣದ ಲೆಟ್ಯೂಸ್ ಎಲೆ ಕೊಡೋದು, ಎರಡೂ ತಪ್ಪು. ಪೆಟ್ಟಿಗೆ ಆಮೆ ಎಲ್ಲವನ್ನೂ ತಿನ್ನೋ ಪ್ರಾಣಿ. ಎರೆಹುಳ, ಬಸವನಹುಳು, ಕೀಟ, ಅಣಬೆ, ಹಣ್ಣು, ಕಡು ಹಸಿರು ಎಲೆ, ಕ್ಯಾರೆಟ್, ಸಿಹಿಗೆಣಸು, ಕುಂಬಳದಂಥ ಕಿತ್ತಳೆ ಬಣ್ಣದ ತರಕಾರಿ, ಹೀಗೆ ಬದಲಾಯಿಸುತ್ತಾ ಕೊಡಿ. ಆದರೆ ಕೊರತೆ ಇರಬಹುದು ಅಂತ ನೀವೇ ವಿಟಮಿನ್ ಎ ಹನಿ ತಂದು ಬಾಯಿಗೆ ಹಾಕಬೇಡಿ. ಇದು ಜಾಸ್ತಿಯಾದರೆ ಚರ್ಮವೇ ಸುಲಿದುಬರುತ್ತದೆ. ಎಷ್ಟು, ಯಾವಾಗ ಅಂತ ಡಾಕ್ಟರೇ ಹೇಳಬೇಕು.

ಉಸಿರಾಟದ ವಿಷಯಕ್ಕೆ ಬರೋಣ. ಇದರಲ್ಲಿ ತಡ ಮಾಡುವ ಹಾಗೇ ಇಲ್ಲ. ಆಮೆಯ ಶ್ವಾಸಕೋಶ ಬೆನ್ನ ಚಿಪ್ಪಿನ ಕೆಳಗೇ ಅಂಟಿಕೊಂಡಿರುತ್ತದೆ. ಎದೆಗೂ ಹೊಟ್ಟೆಗೂ ನಡುವೆ ನಮಗಿರುವಂಥ ಸ್ನಾಯುವಿನ ಪರದೆ, ಅಂದರೆ ವಪೆ, ಅದಕ್ಕಿಲ್ಲ. ಹಾಗಾಗಿ ಕಫ ಕಟ್ಟಿದರೆ ನಮ್ಮ ಹಾಗೆ ಜೋರಾಗಿ ಕೆಮ್ಮಿ ಹೊರಗೆ ಹಾಕಲು ಆಗುವುದಿಲ್ಲ. ಒಳಗಿದ್ದದ್ದು ಒಳಗೇ ಉಳಿದು ನ್ಯುಮೋನಿಯಾ ಆಗುತ್ತದೆ. ಮೂಗಿನಲ್ಲಿ ಗುಳ್ಳೆ, ಬಾಯಂಚಿನಲ್ಲಿ ಲೋಳೆ, ಉಸಿರೆಳೆದಾಗ ಸಿಳ್ಳೆಯಂಥ ಸದ್ದು, ಇವು ಕಂಡರೆ ಒಂದೆರಡು ದಿನದಲ್ಲಿ ಡಾಕ್ಟರಿಗೆ ತೋರಿಸಿ. ಕತ್ತು ಮುಂದಕ್ಕೆ ಚಾಚಿ ಬಾಯಿ ತೆರೆದು ಉಸಿರಾಡುತ್ತಿದ್ದರೆ ಅವತ್ತೇ ಹೋಗಬೇಕು, ನಾಳೆ ಅನ್ನಬೇಡಿ. ಚಿಕಿತ್ಸೆ ಅಂದರೆ ಸಾಮಾನ್ಯವಾಗಿ ಇಂಜೆಕ್ಷನ್ನು. ಒಂದು ದಿನ ಬಿಟ್ಟೋ ಎರಡು ದಿನ ಬಿಟ್ಟೋ, ವಾರಗಟ್ಟಲೆ. ಮಧ್ಯದಲ್ಲಿ ಆಮೆ ಚೇತರಿಸಿಕೊಂಡ ಹಾಗೆ ಕಂಡರೂ ನಿಲ್ಲಿಸಬಾರದು.

ಡಾಕ್ಟರ ಹತ್ತಿರ ಹೋಗುವ ತನಕ ನಾವು ಏನು ಮಾಡಬಹುದು ಅಂತ ಎಲ್ಲರೂ ಕೇಳುತ್ತೀರಿ. ನಮ್ಮ ಕೈಲಿರೋದು ಮುಖ್ಯವಾಗಿ ಶಾಖ. ಆಮೆಗೆ ತನ್ನ ಮೈಯನ್ನು ತಾನೇ ಬಿಸಿ ಇಟ್ಟುಕೊಳ್ಳಲು ಬರುವುದಿಲ್ಲ. ಜ್ವರ ಬರಿಸಿಕೊಂಡು ಸೋಂಕಿನ ಜೊತೆ ಹೋರಾಡಬೇಕು ಅಂದರೂ ಹೊರಗಿನ ಶಾಖವೇ ಬೇಕು. ತಣ್ಣಗಿರುವ ಆಮೆಯ ರೋಗ ತಡೆಯುವ ಶಕ್ತಿ ಹೆಚ್ಚುಕಡಿಮೆ ನಿಂತ ಹಾಗೇ, ಔಷಧಿ ಕೊಟ್ಟರೂ ಮೈಗೆ ಹತ್ತುವುದಿಲ್ಲ. ಹುಷಾರಿಲ್ಲದ ಆಮೆಯನ್ನು ಒಳಗೆ ತಂದು 27ರಿಂದ 29 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಿ. ಮಾಮೂಲಿ ದಿನಗಳಲ್ಲಿ ರಾತ್ರಿ ತಂಪಾದರೆ ತೊಂದರೆ ಇಲ್ಲ, ಕಾಯಿಲೆಯಲ್ಲಿ ರಾತ್ರಿಯೂ ಇಳಿಯಬಾರದು. ಆಮೆ ಕೂರೋ ಮಟ್ಟದಲ್ಲಿ ಥರ್ಮಾಮೀಟರ್ ಇಡಿ, ಗೋಡೆಯ ಮೇಲಲ್ಲ. ಶಾಖ ಕೊಡುತ್ತಾ ಕೊಡುತ್ತಾ ಒಣಗಿಸಿಬಿಡಬೇಡಿ. ಪೆಟ್ಟಿಗೆ ಆಮೆಗೆ ತೇವ ಬೇಕು. ಒದ್ದೆ ಪಾಚಿ, ತರಗೆಲೆ ಹಾಕಿದ ಒಂದು ಮರೆ ಇರಲಿ. ತಂಪು ಬೇಕಾದರೆ ಅತ್ತ ಸರಿಯಲು ಜಾಗವೂ ಇರಲಿ.

ಎರಡನೆಯದು ನೀರು. ಉಗುರುಬೆಚ್ಚಗಿನ ನೀರನ್ನು ಅಗಲದ ಪಾತ್ರೆಯಲ್ಲಿ ಗದ್ದ ಮುಟ್ಟುವಷ್ಟು ಮಾತ್ರ ಹಾಕಿ, ದಿನಕ್ಕೊಮ್ಮೆ 15-20 ನಿಮಿಷ ಕೂರಿಸಿ. ತಲೆ ಬಗ್ಗಿಸಿ ಕುಡಿಯುವುದು ಕಾಣುತ್ತದೆ, ಹೊಟ್ಟೆಯೂ ಖಾಲಿಯಾಗುತ್ತದೆ. ಕಣ್ಣು ಒಳಕ್ಕೆ ಹೋಗಿದ್ದರೆ, ಮೂತ್ರದ ಜೊತೆ ಬರುವ ಬಿಳಿ ಪದಾರ್ಥ ಮರಳಿನ ಹಾಗೆ ಗಟ್ಟಿಯಾಗಿದ್ದರೆ ನೀರು ಸಾಲದಾಗಿದೆ ಅಂತ ತಿಳಿಯಿರಿ. ತುಂಬಾ ನಿಶ್ಶಕ್ತಿ ಇರೋ ಆಮೆಯನ್ನು ನೀರಿನಲ್ಲಿ ಬಿಟ್ಟು ಆಚೆ ಹೋಗಬೇಡಿ. ಪೆಟ್ಟಿಗೆ ಆಮೆ ಮುಳುಗಿ ಸಾಯಬಹುದು. ಬಾಯಿ ತೆರೆದು ಬಲವಂತವಾಗಿ ಊಟ ತುರುಕೋದೂ ಬೇಡ. ಬೆಚ್ಚಗೆ ಮಾಡಿ, ನೀರು ಕುಡಿಸಿ, ಆಮೇಲೆ ಊಟದ ಮಾತು.

ಊಟ ಬಿಟ್ಟಿದೆ ಅಂದ ತಕ್ಷಣ ಕಾಯಿಲೆ ಅಂತಲೂ ಅಲ್ಲ. ಹೊಸ ಜಾಗಕ್ಕೆ ಬಂದ ಆಮೆ ಕೆಲವು ದಿನ ತಿನ್ನುವುದಿಲ್ಲ. ಚಳಿಗಾಲ ಹತ್ತಿರ ಬಂದಾಗ ಕಡಿಮೆ ಮಾಡುತ್ತದೆ. ತಂಪಾದರೆ ಹಸಿವೇ ಆಗುವುದಿಲ್ಲ, ಅದಕ್ಕೆ ಮೊದಲು ಥರ್ಮಾಮೀಟರ್ ನೋಡಿ. ತೂಕ ಇಳಿಯದೆ, ಕಣ್ಣು ಮೂಗು ಚೆನ್ನಾಗಿದ್ದರೆ ಒಂದು ವಾರ ಕಾಯಬಹುದು. ಬೆಚ್ಚಗಿದ್ದೂ ತಿನ್ನದೆ ತೂಕ ಇಳಿಯುತ್ತಿದ್ದರೆ ಕಾಯಬೇಡಿ.

ಬೆಳಕಿನಲ್ಲಿ ನಾನು ಮಾಡಿದ ತಪ್ಪು ನಿಮ್ಮಲ್ಲಿ ಯಾರೂ ಮಾಡಬಾರದು. ಯುವಿಬಿ ಬಲ್ಬು, ಅಂದರೆ ಬಿಸಿಲಿನಲ್ಲಿರುವಂಥ ಅತಿನೇರಳೆ ಕಿರಣ ಕೊಡುವ ಬಲ್ಬು, ಹಾಕಿದ್ದೆ. ಚೆನ್ನಾಗೇ ಉರಿಯುತ್ತಿತ್ತು. ಎರಡು ವರ್ಷ ಬದಲಾಯಿಸಲಿಲ್ಲ. ಬಲ್ಬಿನಲ್ಲಿ ನಮ್ಮ ಕಣ್ಣಿಗೆ ಕಾಣುವ ಬೆಳಕು ಇರುತ್ತದೆ, ಆದರೆ ಕಣ್ಣಿಗೆ ಕಾಣದ ಯುವಿಬಿ ಅದಕ್ಕಿಂತ ಬಹಳ ಮುಂಚೆಯೇ ಕುಗ್ಗಿಹೋಗುತ್ತದೆ. ಬಲ್ಬಿನ ಜಾತಿ ನೋಡಿಕೊಂಡು 6ರಿಂದ 12 ತಿಂಗಳಿಗೆ ಬದಲಾಯಿಸಬೇಕು. ಕಿಟಕಿ ಪಕ್ಕ ಇಟ್ಟಿದ್ದೇನೆ, ಬಿಸಿಲು ಬೀಳುತ್ತದೆ ಅನ್ನುವವರಿಗೂ ಹೇಳುತ್ತೇನೆ, ಗಾಜು ಯುವಿಬಿಯನ್ನು ತಡೆದುಬಿಡುತ್ತದೆ. ಯುವಿಬಿ ಇಲ್ಲದೆ ಮೈಯಲ್ಲಿ ವಿಟಮಿನ್ ಡಿ3 ಸಾಕಷ್ಟು ಆಗುವುದಿಲ್ಲ. ಅದಿಲ್ಲದೆ ತಿಂದ ಕ್ಯಾಲ್ಸಿಯಂ ಸೇರುವುದಿಲ್ಲ. ಆಗ ಮೈ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ತೆಗೆಯಲು ಶುರು ಮಾಡುತ್ತದೆ, ಚಿಪ್ಪೂ ಮೂಳೆಯೇ ಅಲ್ವಾ? ಚಿಪ್ಪು ಒತ್ತಿದರೆ ತಗ್ಗುತ್ತದೆ, ಕೊಕ್ಕು ಮೆತ್ತಗಾಗಿ ಸೊಟ್ಟ ಬೆಳೆಯುತ್ತದೆ, ನಡೆಯುವಾಗ ಮೈ ಎತ್ತಲು ಆಗದೆ ಹೊಟ್ಟೆ ಎಳೆಯುತ್ತದೆ. ಬೆಳೆಯೋ ಮರಿಗಳಲ್ಲಿ ಇದು ಬೇಗ ಕಾಣುತ್ತದೆ. ಊಟದಲ್ಲಿ ರಂಜಕಕ್ಕಿಂತ ಕ್ಯಾಲ್ಸಿಯಂ ಎರಡು ಪಟ್ಟು ಇರಬೇಕು ಅನ್ನೋದು ಲೆಕ್ಕ. ಬಲ್ಬು ಹಾಕಿದ ದಿನ ಅದರ ಬುಡದಲ್ಲೇ ಮಾರ್ಕರ್‌ನಿಂದ ತಾರೀಕು ಬರೆದುಬಿಡಿ.

ಚಿಪ್ಪಿನ ಬಗ್ಗೆ ಇನ್ನೊಂದು ಮಾತು. ಅದು ಹೆಂಚಲ್ಲ, ಕವಚವೂ ಅಲ್ಲ. ರಕ್ತ, ನರ ಎಲ್ಲ ಇರುವ ಜೀವಂತ ಮೂಳೆ, ಮೇಲೆ ಉಗುರಿನಂಥ ಪದರ. ಮುಟ್ಟಿದರೆ ಗೊತ್ತಾಗುತ್ತದೆ, ಪೆಟ್ಟಾದರೆ ನೋಯುತ್ತದೆ. ಎಣ್ಣೆ, ಬಣ್ಣ, ಪಾಲಿಷ್ ಯಾವುದನ್ನೂ ಹಚ್ಚಬೇಡಿ. ಮೆತ್ತಗಿನ ಗುಳಿ, ವಾಸನೆ, ಕೆಳಗಡೆ ಕೆಂಪು, ಪದರ ಎದ್ದು ಒಸರುವುದು, ಇವು ಚಿಪ್ಪು ಕೊಳೆಯುತ್ತಿರುವ ಗುರುತು. ಯಾವಾಗಲೂ ಕೊಚ್ಚೆಯಾಗಿರೋ ನೆಲ, ಸಣ್ಣ ಗಾಯ, ಇವೇ ಮೂಲ. ನಾಯಿ ಕಚ್ಚಿ ಚಿಪ್ಪು ಒಡೆದರೆ ಶುಭ್ರವಾದ ಒದ್ದೆ ಬಟ್ಟೆ ಮುಚ್ಚಿ, ನೊಣ ಕೂರದ ಹಾಗೆ ಒಳಗಿಟ್ಟು, ನೇರ ಡಾಕ್ಟರ ಹತ್ತಿರ. ಅಂಟು ಹಾಕಿ ಮುಚ್ಚಿಬಿಡಬೇಡಿ, ಒಳಗೆ ಕೊಳೆ ಉಳಿದರೆ ಸೋಂಕಿಗೆ ಬಾಗಿಲು ಹಾಕಿ ಕೂರಿಸಿದ ಹಾಗೆ. ಹೊರಗೆ ಸಾಕುವವರು ಗಾಯದಲ್ಲಿ, ಬಾಲದ ಬುಡದಲ್ಲಿ ಹುಳ ಬಿದ್ದಿದೆಯಾ ಅಂತಲೂ ನೋಡಬೇಕು. ನೊಣದ ಮೊಟ್ಟೆ ಒಂದೇ ದಿನದಲ್ಲಿ ಹುಳವಾಗುತ್ತದೆ.

ಬಾಲದ ಬುಡದಿಂದ ಏನಾದರೂ ಹೊರಬಂದು ಒಳಗೆ ಹೋಗದಿದ್ದರೆ ಅದು ತುರ್ತು. ಗಂಡು ಆಮೆ ನೀರಿನಲ್ಲಿ ಕೂತಾಗ ಕಪ್ಪು ನೇರಳೆ ಬಣ್ಣದ ಅಂಗವನ್ನು ಹೊರಚಾಚಿ ಕೆಲವು ನಿಮಿಷದಲ್ಲಿ ಒಳಗೆಳೆದುಕೊಳ್ಳುತ್ತದೆ, ಅದು ಸಹಜ. ಹಾಗೇ ಉಳಿದರೆ ಒಣಗದ ಹಾಗೆ ಒದ್ದೆ ಇಟ್ಟು, ಬೇರೆ ಆಮೆಗಳು ಕಚ್ಚದಂತೆ ದೂರ ಮಾಡಿ, ಅವತ್ತೇ ತೋರಿಸಿ. ಹೆಣ್ಣು ಆಮೆ ಎಲ್ಲೆಲ್ಲೋ ಅಗೆಯುತ್ತಾ, ತಿನ್ನದೆ, ಹಿಂಗಾಲಿನಿಂದ ತಿಣುಕುತ್ತಾ ಇದ್ದರೆ ಮೊಟ್ಟೆ ಸಿಕ್ಕಿಕೊಂಡಿರಬಹುದು. ನಮ್ಮಲ್ಲಿ ಗಂಡೇ ಇಲ್ಲ ಅನ್ನಬೇಡಿ, ಗಂಡಿಲ್ಲದೆಯೂ ಮೊಟ್ಟೆ ಇಡುತ್ತದೆ. ಎಕ್ಸ್‌ರೇ ತೆಗೆದರೆ ಗೊತ್ತಾಗುತ್ತದೆ.

ಜಂತುಹುಳದ ಬಗ್ಗೆ ಜೋರಾಗಿಯೇ ಹೇಳಬೇಕು. ಐವರ್ಮೆಕ್ಟಿನ್ ಅನ್ನೋ ಔಷಧಿ ಎಷ್ಟೋ ಪ್ರಾಣಿಗಳಿಗೆ ಕೊಡುತ್ತಾರೆ. ಆಮೆಗೆ ಅದು ವಿಷ. ಕೈಕಾಲು ಸ್ವಾಧೀನ ತಪ್ಪಿ ಸತ್ತುಹೋಗುತ್ತದೆ. ನಾಯಿಗೆ ತಂದದ್ದು ಮನೆಯಲ್ಲಿತ್ತು, ಸ್ವಲ್ಪ ಹಾಕಿದೆ ಅನ್ನೋ ಮಾತು ಯಾರಿಂದಲೂ ಕೇಳುವ ಹಾಗಾಗದಿರಲಿ. ವರ್ಷಕ್ಕೊಮ್ಮೆ ತಾಜಾ ಮಲ ಪರೀಕ್ಷೆ ಮಾಡಿಸಿ, ಯಾವ ಹುಳ ಅಂತ ನೋಡಿ ಡಾಕ್ಟರು ಬೇರೆ ಔಷಧಿ ಕೊಡುತ್ತಾರೆ. ಹೊಸ ಆಮೆ ತಂದರೆ ಮೂರು ತಿಂಗಳು ಬೇರೆ ಕೋಣೆ, ಬೇರೆ ಪಾತ್ರೆ. ರಾನಾವೈರಸ್ ಅಂತ ಒಂದಿದೆ, ಕಪ್ಪೆಗಳನ್ನೂ ಕೊಲ್ಲುತ್ತದೆ, ಆಮೆಗಳನ್ನೂ ಕೊಲ್ಲುತ್ತದೆ. ಗುಂಪಿಗೆ ಹೊಕ್ಕರೆ ಒಂದರ ಹಿಂದೆ ಒಂದು ಹೋಗುತ್ತವೆ.

ಹುಷಾರಿಲ್ಲದ ಆಮೆಯನ್ನು ಚಳಿಗಾಲದ ನಿದ್ದೆಗೆ ಬಿಡಬಾರದು. ಸಣ್ಣ ಶೀತ ಅಂತ ಬಿಟ್ಟರೆ ವಸಂತಕ್ಕೆ ಏಳದೇ ಹೋಗಬಹುದು.

ಡಾಕ್ಟರ ಹತ್ತಿರ ಹೋಗುವ ಮುಂಚೆ ಫೋನ್ ಮಾಡಿ, ಆಮೆಗಳಿಗೆ ಚಿಕಿತ್ಸೆ ಕೊಟ್ಟು ಅನುಭವ ಇದೆಯಾ ಅಂತ ನೇರವಾಗಿ ಕೇಳಿ. ಹಾಗೆ ಕೇಳಿದರೆ ಒಳ್ಳೆಯ ಡಾಕ್ಟರು ಬೇಸರ ಮಾಡಿಕೊಳ್ಳುವುದಿಲ್ಲ. ಈ ವಿಚಾರಣೆ ಆಮೆ ಚೆನ್ನಾಗಿರುವಾಗಲೇ ಮುಗಿದಿರಲಿ. ಗಾಳಿ ಆಡೋ ಪೆಟ್ಟಿಗೆಯಲ್ಲಿ ಬಟ್ಟೆ ಹಾಸಿ ಒಯ್ಯಿರಿ, ನೀರು ಇಡಬೇಡಿ. ತೂಕದ ಪುಸ್ತಕ, ಗೂಡಿನ ಫೋಟೋ, ಬಲ್ಬಿನ ತಾರೀಕು, ಸಿಕ್ಕರೆ ತಾಜಾ ಮಲ, ಇಷ್ಟು ಜೊತೆಗಿರಲಿ. ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯೋದು ಮರೆಯಬೇಡಿ, ಚೆನ್ನಾಗಿರೋ ಆಮೆಯ ಮೈಯಲ್ಲೂ ಸಾಲ್ಮೊನೆಲ್ಲಾ ಅನ್ನೋ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಇರಬಹುದು. ಚಿಕ್ಕ ಮಕ್ಕಳಿಗೆ ಅದು ಹತ್ತುತ್ತದೆ ಅಂತಲೇ ಅಮೆರಿಕದಲ್ಲಿ 1975ರಲ್ಲಿ 4 ಇಂಚಿಗಿಂತ ಚಿಕ್ಕ ಆಮೆಗಳನ್ನು ಸಾಕಲು ಮಾರುವುದನ್ನೇ ನಿಲ್ಲಿಸಿದರು.

ಮಾತು ಮುಗಿದ ಮೇಲೆ ಒಬ್ಬರು ಕೇಳಿದರು, ಕಿವಿ ಆಪರೇಷನ್ ಆದ ನಿಮ್ಮ ಆಮೆ ಏನಾಯಿತು ಅಂತ. ಅದು ಹೇಳಬೇಕಿತ್ತು, ಬಿಟ್ಟೇಹೋಗಿತ್ತು. ಮನೆಗೆ ತಂದ ಮೇಲೆ ಮಣ್ಣಿನ ಬದಲು ಶುಭ್ರ ಬಟ್ಟೆ ಹಾಸಿ ಇಟ್ಟೆ. ದಿನಾ ಗಾಯ ತೊಳೆಯೋದು, ದಿನಾ ಬೆಚ್ಚಗಿನ ನೀರು. ಮೊದಲ ಎರಡು ವಾರ ಊಟದ ಕಡೆ ತಿರುಗಿಯೂ ನೋಡಲಿಲ್ಲ. ಆ ದಿನಗಳಲ್ಲೇ ತೂಕದ ಪುಸ್ತಕ ಶುರುವಾದದ್ದು. 398, 396, 396, 394 ಅಂತ ಇಳಿಯುತ್ತಲೇ ಇತ್ತು. 17ನೇ ದಿನ ಬೆಳಿಗ್ಗೆ ಎರೆಹುಳವೊಂದನ್ನು ಮುಂದೆ ಇಟ್ಟು ಅಲ್ಲೇ ಕೂತೆ. ಕತ್ತು ಸ್ವಲ್ಪ ಚಾಚಿತು, ತಲೆ ಓರೆ ಮಾಡಿ ನೋಡಿತು, ತುಂಬಾ ಹೊತ್ತು ನೋಡಿತು. ಆಮೇಲೆ ಕಚ್ಚಿಕೊಂಡಿತು. ಮುಂದಿನ ವಾರದ ಪುಟದಲ್ಲಿ 401 ಅಂತ ಬರೆದಿದೆ.